ಹೋಬಳಿ ಊರಿನಲ್ಲಿ ವೈಟ್ ಲೇಬಲ್ ಎಟಿಎಂ: ಫ್ರಾಂಚೈಸಿ ಸೇವೆಯ ವಿಮರ್ಶೆ

ತಿಪಟೂರು ತಾಲ್ಲೂಕಿನ ಹೋಬಳಿ ಕೇಂದ್ರವೊಂದರಲ್ಲಿ ನನ್ನದು ಹಾರ್ಡ್‌ವೇರ್ ಮತ್ತು ಪೈಪಿನ ಅಂಗಡಿ. ಅಂಗಡಿಗೆ ಹೊಂದಿಕೊಂಡಿರುವ ಎಂಟಡಿ ಅಗಲದ ಕೋಣೆಯಲ್ಲಿ 2023ರ ನವೆಂಬರ್‌ನಿಂದ ವೈಟ್ ಲೇಬಲ್ ಎಟಿಎಂ (ಬ್ಯಾಂಕಲ್ಲದ ಕಂಪನಿಯೊಂದರ ಎಟಿಎಂ) ಒಂದನ್ನು ಫ್ರಾಂಚೈಸಿಯಾಗಿ ನಡೆಸುತ್ತಿದ್ದೇನೆ. ಇದಕ್ಕೆ ಮೊದಲು ನಮ್ಮೂರಿನಲ್ಲಿದ್ದ ಒಂದೇ ಒಂದು ಬ್ಯಾಂಕ್ ಎಟಿಎಂ ತಿಂಗಳಲ್ಲಿ ಹತ್ತು ಹನ್ನೆರಡು ದಿನ ಬಾಗಿಲು ಹಾಕಿಕೊಂಡಿರುತ್ತಿತ್ತು. ಹಣ ಬೇಕಾದವರು ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾಗಿತ್ತು. ಈ ವ್ಯವಹಾರಕ್ಕೆ ಇಳಿಯಬಹುದೇ ಎಂದು ನನ್ನನ್ನು ಕೇಳುವವರು ವಾರಕ್ಕೊಬ್ಬರಾದರೂ ಇರುವುದರಿಂದ, ನಾನು ಕಂಡ ಲೆಕ್ಕವನ್ನೂ ಸೇವೆಯ ಗುಣದೋಷಗಳನ್ನೂ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಬೇರೆ ಕಂಪನಿಗಳ ಯಂತ್ರ ನಡೆಸುವ ಇಬ್ಬರು ಪರಿಚಿತರ ಒಪ್ಪಂದದ ಕಾಗದಗಳನ್ನೂ ಓದಿ ನೋಡಿದ್ದೇನೆ, ಷರತ್ತುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿವೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಸರಿಪಡಿಸಬೇಕು. ಸಾಮಾನ್ಯ ವ್ಯಾಪಾರಿಯೊಬ್ಬ ಯಂತ್ರ ಕೊಂಡು ತನ್ನದೇ ಎಟಿಎಂ ತೆರೆಯಲು ನಮ್ಮ ದೇಶದಲ್ಲಿ ಅವಕಾಶವಿಲ್ಲ. ಬ್ಯಾಂಕುಗಳಲ್ಲದ ಕಂಪನಿಗಳು ಎಟಿಎಂ ನಡೆಸಲು ರಿಸರ್ವ್ ಬ್ಯಾಂಕ್ 2012ರಲ್ಲಿ ಮಾರ್ಗಸೂಚಿ ಹೊರಡಿಸಿದಾಗಲೇ, ಅಂಥ ಕಂಪನಿಗೆ ಕನಿಷ್ಠ 100 ಕೋಟಿ ರೂಪಾಯಿಯ ನಿವ್ವಳ ಮೌಲ್ಯ ಇರಬೇಕೆಂದು ಗೊತ್ತುಪಡಿಸಿತ್ತು. ಮರುವರ್ಷ ಟಾಟಾ ಸಮೂಹದ ಕಂಪನಿಯೊಂದು ಇಂಡಿಕ್ಯಾಶ್ ಎಂಬ ಹೆಸರಿನಲ್ಲಿ ಇಂಥ ಮೊದಲ ಯಂತ್ರವನ್ನು ತೆರೆಯಿತು. ಈಗ ದೇಶದಲ್ಲಿರುವ ಸುಮಾರು ಎರಡೂವರೆ ಲಕ್ಷ ಎಟಿಎಂಗಳಲ್ಲಿ 36 ಸಾವಿರದಷ್ಟು ಈ ಬಗೆಯವು. ಯಂತ್ರ, ಪರವಾನಗಿ, ಬ್ಯಾಂಕುಗಳ ಜಾಲದೊಂದಿಗಿನ ಸಂಪರ್ಕ ಇವೆಲ್ಲ ಕಂಪನಿಯವು. ಜಾಗ, ಕರೆಂಟು, ಯಂತ್ರಕ್ಕೆ ತುಂಬುವ ಹಣ ಮತ್ತು ದಿನನಿತ್ಯದ ಮೈಮುರಿ ದುಡಿಮೆ ನಮ್ಮವು. ಫ್ರಾಂಚೈಸಿ ಎಂದರೆ ಇಷ್ಟೇ. ಆದ್ದರಿಂದ ನಾವು ಅಳೆಯಬೇಕಾದದ್ದು ಯಂತ್ರವನ್ನಲ್ಲ, ಆ ಕಂಪನಿ ನಮಗೆ ಕೊಡುವ ಸೇವೆಯನ್ನು ಮತ್ತು ನಾವು ಹಾಕುವ ಹಣ ಎಷ್ಟು ಬೇಗ ತಿರುಗಿ ಕೈಗೆ ಬರುತ್ತದೆ ಎಂಬುದನ್ನು.

ನನ್ನ ಒಪ್ಪಂದದ ಪ್ರಕಾರ 2 ಲಕ್ಷ ರೂಪಾಯಿ ಮರಳಿ ಕೊಡುವ ಠೇವಣಿ, ಯಂತ್ರಕ್ಕೆ ತುಂಬಲು ಕನಿಷ್ಠ 3 ಲಕ್ಷ ರೂಪಾಯಿಯ ಓಡಾಡುವ ಬಂಡವಾಳ. ಠೇವಣಿಯನ್ನು ಕಂಪನಿಯ ಹೆಸರಿನ ಬ್ಯಾಂಕ್ ಖಾತೆಗೇ ಕಟ್ಟಿ, ಸಹಿ ಮಾಡಿದ ಕರಾರು ಕೈಗೆ ಬಂದ ಮೇಲೆ ಕೋಣೆಯ ಕೆಲಸ ಶುರುಮಾಡಿದೆ. "ನಿಮ್ಮ ಜಾಗಕ್ಕೆ ಎಟಿಎಂ ಮಂಜೂರಾಗಿದೆ, ನೋಂದಣಿ ಶುಲ್ಕ ಕಳುಹಿಸಿ" ಎಂದು ಫೋನ್ ಮಾಡುವವರು ಬೇರೆಯೇ ಜನ. ಪಕ್ಕದ ಊರಿನ ನನ್ನ ಬಂಧುವೊಬ್ಬರು ಅಂಥವರಿಗೆ ಹದಿನೆಂಟು ಸಾವಿರ ಕಳುಹಿಸಿ ಕಳೆದುಕೊಂಡರು. ಜಾಗವನ್ನು ಕಣ್ಣಾರೆ ನೋಡದೆ, ಅಕ್ಕಪಕ್ಕದ ಎಟಿಎಂ ಎಷ್ಟು ದೂರದಲ್ಲಿದೆ ಎಂದು ಅಳೆಯದೆ ಯಾವ ನಿಜವಾದ ಕಂಪನಿಯೂ ಯಂತ್ರ ಕೊಡುವುದಿಲ್ಲ. ನಮ್ಮಲ್ಲಿಗೆ ಬಂದ ಪ್ರತಿನಿಧಿ ಸಂತೆಯ ದಿನ ಒಂದು, ಬೇರೆ ದಿನ ಒಂದು ಎಂದು ಎರಡು ಬಾರಿ ಕೂತು ಜನರ ಓಡಾಟ ಎಣಿಸಿಕೊಂಡು ಹೋದರು; ಆ ಎಚ್ಚರ ನನಗೆ ಹಿಡಿಸಿತು.

ಕೋಣೆಗೆ ಶಟರ್, ಟೈಲ್ಸ್, ವೈರಿಂಗ್ ಎಲ್ಲ ಸೇರಿ 65 ಸಾವಿರ ಖರ್ಚಾಯಿತು. ಅದರಲ್ಲಿ ಅರ್ಥಿಂಗ್ ವಿಷಯಕ್ಕೆ ನಾನು ಎರಡು ಸಲ ದುಡ್ಡು ಸುರಿಯಬೇಕಾಯಿತು. ಮೊದಲು ತೋಡಿದ ಗುಂಡಿ ಕಲ್ಲುಬಂಡೆಯ ಮೇಲಿತ್ತು, ವೋಲ್ಟೇಜ್ ಪರೀಕ್ಷೆಯಲ್ಲಿ ನಿಲ್ಲಲಿಲ್ಲ; ಮನೆಯ ಹಿಂದೆ ತೆಂಗಿನ ಮರದ ಬುಡದ ಹತ್ತಿರ ತೇವ ಇರುವ ಕಡೆ ಹೊಸದಾಗಿ ತೋಡಿಸಿದ ಮೇಲಷ್ಟೇ ಎಂಜಿನಿಯರ್ ಒಪ್ಪಿದರು. ಇದು ಸಣ್ಣ ಸಂಗತಿಯಂತೆ ಕಂಡರೂ ಯಂತ್ರದೊಳಗಿನ ಬೋರ್ಡುಗಳು ಸುಟ್ಟರೆ ಅದರ ವೆಚ್ಚ ಯಾರದು ಎಂಬ ವಾದ ಬರುವುದು ಇಲ್ಲಿಂದಲೇ. ಯಂತ್ರವನ್ನು ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಹಾಕಿ ಬಿಗಿದರು. ಎಟಿಎಂಗಳನ್ನು ಗೋಡೆಗೋ ನೆಲಕ್ಕೋ ಭದ್ರವಾಗಿ ಕೂರಿಸಬೇಕು, ಹಣ ತುಂಬುವಾಗ ಒಂದೇ ಬಾರಿ ಬಳಸುವ ಸಂಖ್ಯೆಯಿಂದ ತೆರೆಯುವ ಡಿಜಿಟಲ್ ಬೀಗ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲಿ ಹೇಳಿದೆ, ಅದರಂತೆಯೇ ನಡೆದಿದೆ. ಈ ಬೀಗದ ವ್ಯವಸ್ಥೆಗೆ ನನ್ನಿಂದ ಪೂರ್ಣ ಅಂಕ. ಹಣ ತುಂಬಲು ಹೋದಾಗಲೆಲ್ಲ ಮೊಬೈಲಿಗೆ ಹೊಸ ಸಂಖ್ಯೆ ಬರುತ್ತದೆ, ಕೆಲಸ ಮುಗಿದ ಮೇಲೆ ಅದು ಯಾರ ಕೈಗೆ ಸಿಕ್ಕರೂ ಉಪಯೋಗವಿಲ್ಲ. 2013ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂ ಒಳಗೆ ಮಹಿಳೆಯೊಬ್ಬರ ಮೇಲೆ ನಡೆದ ಮಚ್ಚಿನ ದಾಳಿಯ ದೃಶ್ಯವನ್ನು ನೋಡಿದ ನಮ್ಮ ಮನೆಯವರಿಗೆ, ಶಟರ್ ಒಳಗಿನಿಂದ ಎಳೆಯಲು ಆಗದಂತೆ ಮೇಲಕ್ಕೆ ಬೀಗ ಹಾಕಿ ನಿಲ್ಲಿಸಿದ ಮೇಲಷ್ಟೇ ಸಮಾಧಾನವಾದದ್ದು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ನಾವು ಮುಚ್ಚುತ್ತೇವೆ. ಕಂಪನಿ ಇದಕ್ಕೆ ತಕರಾರು ಮಾಡಲಿಲ್ಲ.

ಇನ್ನು ಆದಾಯ. ಗ್ರಾಹಕರು ಯಂತ್ರದಿಂದ ಹಣ ತೆಗೆದಾಗಲೆಲ್ಲ ಅವರ ಕಾರ್ಡಿನ ಬ್ಯಾಂಕು ಯಂತ್ರ ನಡೆಸುವ ಕಂಪನಿಗೆ ಇಂತಿಷ್ಟು ಎಂದು ಕೊಡುತ್ತದೆ. ಇದನ್ನು ಇಂಟರ್‌ಚೇಂಜ್ ಎನ್ನುತ್ತಾರೆ. 2021ರ ಆಗಸ್ಟ್‌ನಿಂದ ಇದು ಹಣ ತೆಗೆದದ್ದಕ್ಕೆ 17 ರೂಪಾಯಿ, ಬ್ಯಾಲೆನ್ಸ್ ನೋಡುವಂಥ ಕೆಲಸಕ್ಕೆ 6 ರೂಪಾಯಿ ಇತ್ತು. 2025ರ ಮೇ 1ರಿಂದ 19 ಮತ್ತು 7 ಆಯಿತು. ಇದರಲ್ಲಿ ನನ್ನ ಪಾಲು ಹಣ ತೆಗೆದದ್ದಕ್ಕೆ 8 ರೂಪಾಯಿ, ಉಳಿದದ್ದಕ್ಕೆ 2 ರೂಪಾಯಿ. ಇಂಟರ್‌ಚೇಂಜ್ ಏರಿದಾಗ ನನ್ನ ಪಾಲು ಒಂದು ಪೈಸೆಯೂ ಏರಲಿಲ್ಲ. ಮೂರು ಬಾರಿ ಮೇಲ್ ಬರೆದೆ. ಕರಾರಿನಲ್ಲಿ ದರ ನಿಗದಿಯಾಗಿದೆ ಎಂಬ ಒಂದೇ ಸಾಲಿನ ಉತ್ತರ ಮೂರು ಸಲವೂ ಬಂತು. ಕರಾರಿಗೆ ಸಹಿ ಹಾಕುವ ಮೊದಲೇ "ಇಂಟರ್‌ಚೇಂಜ್ ಏರಿದರೆ ಅದೇ ಪ್ರಮಾಣದಲ್ಲಿ ಕಮಿಷನ್ ಏರಬೇಕು" ಎಂಬ ಸಾಲನ್ನು ಸೇರಿಸಿಕೊಳ್ಳಬೇಕಿತ್ತು. ಹೊಸದಾಗಿ ಇಳಿಯುವವರು ಬೇರೇನು ಬಿಟ್ಟರೂ ಈ ಸಾಲಿಗಾಗಿ ಪಟ್ಟು ಹಿಡಿಯಿರಿ.

ನನ್ನ ಯಂತ್ರದಲ್ಲಿ ದಿನಕ್ಕೆ ಸರಾಸರಿ 95 ಜನ ಹಣ ತೆಗೆಯುತ್ತಾರೆ, 35 ಜನ ಬ್ಯಾಲೆನ್ಸ್ ನೋಡಿಕೊಂಡು ಹೋಗುತ್ತಾರೆ. ತಿಂಗಳಿಗೆ ಕಮಿಷನ್ 24,900 ರೂಪಾಯಿ ಆಗುತ್ತದೆ. ಈ ಮೊತ್ತವನ್ನು ಕೇಳಿದವರ ಮುಖ ಅರಳುತ್ತದೆ, ಖರ್ಚು ಕೇಳಿದ ಮೇಲೆ ಬಾಡುತ್ತದೆ. ಕರೆಂಟು ವಾಣಿಜ್ಯ ದರದಲ್ಲಿ 3,200; ಬ್ಯಾಂಕಿಗೆ ಓಡಾಡುವ, ನೋಟು ಜೋಡಿಸುವ ಹುಡುಗನ ಅರ್ಧ ದಿನದ ಸಂಬಳ ಮತ್ತು ಪೆಟ್ರೋಲು 5,000; ಚಾಲ್ತಿ ಖಾತೆಯ ಶುಲ್ಕ 1,200; ಕೋಣೆ ಸ್ವಂತದ್ದಾದರೂ ಬಾಡಿಗೆಗೆ ಕೊಟ್ಟಿದ್ದರೆ ಬರುತ್ತಿದ್ದ 4,000. ಇಷ್ಟನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಬಿಟ್ಟುಹೋಗುವುದು ಬಡ್ಡಿ.

ಕಂಪನಿಯವರು ಹೇಳುವ 3 ಲಕ್ಷದಲ್ಲಿ ಈ ವ್ಯವಹಾರ ನಡೆಯುವುದಿಲ್ಲ. ನಮ್ಮಲ್ಲಿ ಒಬ್ಬರು ತೆಗೆಯುವುದು ಸರಾಸರಿ 2,400 ರೂಪಾಯಿ, ಅಂದರೆ ದಿನಕ್ಕೆ ಸುಮಾರು 2.3 ಲಕ್ಷ ಖಾಲಿಯಾಗುತ್ತದೆ. ಹೀಗೆ ಹೊರಹೋದ ಹಣ ಕಂಪನಿಯಿಂದ ನನ್ನ ಖಾತೆಗೆ ಮರುದಿನ ಬರುತ್ತದೆ, ಸರಿ. ಆದರೆ ಎರಡನೇ ಶನಿವಾರ, ಭಾನುವಾರ, ಸೋಮವಾರ ಹಬ್ಬ ಎಂದು ಮೂರು ದಿನ ಬ್ಯಾಂಕು ಮುಚ್ಚಿದರೆ ಖಾತೆಯಲ್ಲಿ ಹಣವಿದ್ದರೂ ಕೈಗೆ ನೋಟು ಸಿಗುವುದಿಲ್ಲ. ಶುಕ್ರವಾರವೇ 7 ಲಕ್ಷದ ನೋಟು ತಂದಿಟ್ಟುಕೊಂಡವನ ಯಂತ್ರ ಮಾತ್ರ ಮಂಗಳವಾರದವರೆಗೆ ನಡೆಯುತ್ತದೆ. ಆ 7 ಲಕ್ಷಕ್ಕೆ ಓವರ್‌ಡ್ರಾಫ್ಟ್ ಸಾಲದ ಶೇ 10ರ ಬಡ್ಡಿ ಹಿಡಿದರೆ ತಿಂಗಳಿಗೆ 5,800 ರೂಪಾಯಿ. ಎಲ್ಲ ಕಳೆದು ಉಳಿಯುವುದು 5,700 ರೂಪಾಯಿ. ಕಮಿಷನ್ನಿನಲ್ಲಿ ಒಂದು ರೂಪಾಯಿ ಹೆಚ್ಚಿದ್ದರೆ ನನ್ನ ಉಳಿತಾಯ ಒಂದೂವರೆ ಪಟ್ಟು ಆಗುತ್ತಿತ್ತು ಎಂಬುದನ್ನು ಗಮನಿಸಿದರೆ, ಮೇಲೆ ಹೇಳಿದ ಆ ಒಂದು ಸಾಲಿನ ಬೆಲೆ ತಿಳಿಯುತ್ತದೆ. ಸಾಲವಿಲ್ಲದ ಬಂಡವಾಳ ಉಳ್ಳವರಿಗೆ ಲೆಕ್ಕ ಬೇರೆ ಎನ್ನಬಹುದು, ಆದರೆ ಆ ಹಣವನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೂ ಏನೋ ಒಂದಿಷ್ಟು ಬರುತ್ತಿತ್ತಲ್ಲ.

ತೆರಿಗೆಯ ವಿಷಯದಲ್ಲಿ ನನಗೆ ತಡವಾಗಿ ತಿಳಿದ ಒಂದು ಮುಖ್ಯ ಸಂಗತಿಯಿದೆ. ಆದಾಯ ತೆರಿಗೆಯ ನಿಯಮದಂತೆ (2026ರ ಮಾರ್ಚ್‌ವರೆಗಿದ್ದ ಹಳೆಯ ಕಾಯ್ದೆಯಲ್ಲಿ ಇದು 194ಎನ್ ಕಲಮು) ವರ್ಷದಲ್ಲಿ 1 ಕೋಟಿ ರೂಪಾಯಿ ದಾಟಿ ನಗದು ತೆಗೆದರೆ, ದಾಟಿದ ಮೊತ್ತಕ್ಕೆ ಬ್ಯಾಂಕು ಶೇ 2ರಷ್ಟು ಮುರಿದುಕೊಳ್ಳುತ್ತದೆ. ದಿನಕ್ಕೆ 2.3 ಲಕ್ಷ ತೆಗೆಯುವವನು ಎರಡು ತಿಂಗಳು ಕಳೆಯುವ ಮೊದಲೇ ಆ ಗೆರೆ ದಾಟುತ್ತಾನೆ, ಆಮೇಲೆ ಪ್ರತಿ ಲಕ್ಷಕ್ಕೂ 2,000 ರೂಪಾಯಿ ಸಿಕ್ಕಿಹಾಕಿಕೊಳ್ಳುತ್ತದೆ. ವರ್ಷದ ಕೊನೆಯಲ್ಲಿ ರಿಟರ್ನ್ಸ್ ಸಲ್ಲಿಸಿ ಮರಳಿ ಪಡೆಯಬಹುದಾದರೂ ಅಷ್ಟರಲ್ಲಿ ಬಂಡವಾಳವೇ ಕರಗಿರುತ್ತದೆ. ಇದಕ್ಕೆ 2019ರ ಸೆಪ್ಟೆಂಬರ್‌ನಲ್ಲೇ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿದೆ. ವೈಟ್ ಲೇಬಲ್ ಎಟಿಎಂ ಫ್ರಾಂಚೈಸಿ ನಡೆಸುವವರು ಯಂತ್ರಕ್ಕೆ ತುಂಬುವ ಹಣಕ್ಕೆಂದೇ ಪ್ರತ್ಯೇಕ ಖಾತೆ ಇಟ್ಟು, ತೆಗೆದ ಹಣವೂ ಯಂತ್ರಕ್ಕೆ ತುಂಬಿದ ಹಣವೂ ತಾಳೆಯಾಗಿದೆ ಎಂದು ಕಂಪನಿ ಪ್ರತಿ ತಿಂಗಳು ಬ್ಯಾಂಕಿಗೆ ದೃಢೀಕರಣ ಪತ್ರ ಕೊಟ್ಟರೆ ಈ ಕಡಿತ ಇಲ್ಲ. ನನಗೆ ಇದನ್ನು ಹೇಳಿದ್ದು ಕಂಪನಿಯ ಪ್ರತಿನಿಧಿಯಲ್ಲ, ತಿಪಟೂರಿನ ನನ್ನ ಲೆಕ್ಕಪರಿಶೋಧಕರು. ಅಂಗಡಿಯ ಖಾತೆಯಿಂದಲೇ ಹಣ ತೆಗೆಯುತ್ತಿದ್ದ ಮೊದಲ ಮೂರು ತಿಂಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೀಗೆ ಕಡಿತವಾಗಿತ್ತು. ಫ್ರಾಂಚೈಸಿ ಸೇರಿದ ದಿನವೇ ತಿಳಿಸಬೇಕಾದ ವಿಷಯ ಇದು. ತಿಳಿಸದೇ ಇದ್ದದ್ದು ಸೇವೆಯ ದೊಡ್ಡ ಲೋಪವೆಂದೇ ನಾನು ಎಣಿಸುತ್ತೇನೆ.

ದಿನದ ಕೆಲಸದಲ್ಲಿ ಬೆಳಗಿನ ಮುಕ್ಕಾಲು ಗಂಟೆ ನೋಟು ಜೋಡಿಸುವುದಕ್ಕೇ ಬೇಕು. ಬ್ಯಾಂಕಿನಿಂದ ತಂದ ಕಂತೆಯ ಕಾಗದದ ಪಟ್ಟಿ ಹರಿದು, ನೋಟುಗಳನ್ನು ಇಸ್ಪೀಟು ಎಲೆಯಂತೆ ಬೀಸಿ ಗಾಳಿಯಾಡಿಸಿ, ಕಿವಿ ಮಡಿಚಿದ್ದನ್ನೂ ಟೇಪ್ ಹಚ್ಚಿದ್ದನ್ನೂ ಮೆತ್ತಗಾದದ್ದನ್ನೂ ಬೇರೆ ಇಟ್ಟು, ಅಂಚುಗಳು ಸಮವಾಗಲೆಂದು ಮೇಜಿನ ಮೇಲೆ ತಟ್ಟಿ ಕ್ಯಾಸೆಟ್ಟಿಗೆ, ಅಂದರೆ ಯಂತ್ರದೊಳಗಿನ ನೋಟಿನ ಪೆಟ್ಟಿಗೆಗೆ, ಇಳಿಸಬೇಕು. ಕ್ಯಾಸೆಟ್ಟಿನ ಹಿಂದಿನ ತಟ್ಟೆಯನ್ನು ಬಿಗಿಯಾಗಿ ಒತ್ತಿದರೆ ಎರಡೆರಡು ನೋಟು ಅಂಟಿಕೊಂಡು ಬರುತ್ತವೆ, ಸಡಿಲ ಬಿಟ್ಟರೆ ನೋಟು ಓರೆಯಾಗಿ ಸಿಕ್ಕಿಕೊಳ್ಳುತ್ತದೆ; ಆ ಹದ ಕೈಗೆ ಬರಲು ನನಗೆ ಒಂದು ತಿಂಗಳು ಹಿಡಿಯಿತು. ಆಷಾಢದ ಜಿಟಿಜಿಟಿ ಮಳೆಯಲ್ಲಿ ನೋಟುಗಳು ತೇವ ಹಿಡಿದು ಒಂದಕ್ಕೊಂದು ಮೆತ್ತಿಕೊಳ್ಳುವುದರಿಂದ, ಕಂತೆಗಳನ್ನು ರಾತ್ರಿ ತಿಜೋರಿಯಲ್ಲಿ ಅಕ್ಕಿ ಕಟ್ಟಿದ ಬಟ್ಟೆಯ ಗಂಟಿನ ಜೊತೆ ಇಡುತ್ತೇನೆ. ಕಂಪನಿಯ ತರಬೇತಿ ಅರ್ಧ ದಿನದ್ದು, ಅದೂ ಹಿಂದಿಯಲ್ಲಿ. ಇವೆಲ್ಲ ಅದರಲ್ಲಿ ಇರಲಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ನೋಟನ್ನೇ ತುಂಬಬಹುದಲ್ಲ ಎಂದು ಕೇಳುವವರಿದ್ದಾರೆ. ನೋಟು ರದ್ದತಿಯ ನಂತರ 2016ರ ಡಿಸೆಂಬರ್‌ನಲ್ಲಿ ಚಿಲ್ಲರೆ ಅಂಗಡಿಗಳಿಂದ ನಗದು ಪಡೆಯಲು ರಿಸರ್ವ್ ಬ್ಯಾಂಕ್ ಈ ಕಂಪನಿಗಳಿಗೆ ಅವಕಾಶ ಕೊಟ್ಟಿತ್ತು, ಆದರೆ ನೋಟಿನ ಗುಣಮಟ್ಟದ ಮತ್ತು ಅಸಲಿತನದ ಹೊಣೆಯನ್ನು ಅವುಗಳ ಮೇಲೆಯೇ ಹೊರಿಸಿತ್ತು. ನನ್ನ ಕರಾರಿನಲ್ಲಿ ಬ್ಯಾಂಕಿನಿಂದ ತಂದ ನೋಟು ಮಾತ್ರ ಎಂದಿದೆ, ಅದೇ ಸರಿ. ನಮ್ಮ ಯಂತ್ರದಿಂದ ಒಂದೇ ಒಂದು ಖೋಟಾ ನೋಟು ಹೊರಬಂದರೂ ಊರಿನಲ್ಲಿ ತಲೆ ಎತ್ತಿ ನಡೆಯಲಾಗದು.

ಯಂತ್ರ ಬಂದ ಮೇಲೆ ಊರಿನ ಹೆಂಗಸರಿಗೆ ಆದ ಅನುಕೂಲವನ್ನು ನಾನು ಹಣದಲ್ಲಿ ಅಳೆಯಲಾರೆ. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿದ್ದ ವಾರ ಒಂದೊಂದು ದಿನ 180 ಜನರವರೆಗೆ ಬರುತ್ತಾರೆ, ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಎಷ್ಟೋ ಮಂದಿ ಕಾರ್ಡನ್ನು ಮೊದಲ ಸಲ ಬಳಸಿದ್ದು ಇಲ್ಲಿಯೇ. ಪರದೆಯಲ್ಲಿ ಕನ್ನಡ ಇದೆ, ಅಕ್ಷರಗಳು ದೊಡ್ಡದಾಗಿವೆ. ಆದರೆ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಬರುತ್ತದೆ, ಅದನ್ನು ಹಿಡಿದು ಅಂಗಡಿಗೆ ಬಂದು ಉಳಿದದ್ದೆಷ್ಟು ಎಂದು ಕೇಳುತ್ತಾರೆ. ನಾನು ಓದಿ ಹೇಳುತ್ತೇನೆ, ಪಿನ್ ಮಾತ್ರ ಯಾರೇ ಕೇಳಿಕೊಂಡರೂ ಒತ್ತಿಕೊಡುವುದಿಲ್ಲ. ಇನ್ನೊಂದು ವಿಷಯವನ್ನೂ ಅವರಿಗೆ ಹೇಳುತ್ತಿರುತ್ತೇನೆ: ವೈಟ್ ಲೇಬಲ್ ಯಂತ್ರ ಎಲ್ಲರ ಪಾಲಿಗೂ ಬೇರೆ ಬ್ಯಾಂಕಿನ ಯಂತ್ರವೇ ಆದ್ದರಿಂದ, ನಮ್ಮಂಥ ಊರುಗಳಲ್ಲಿ ತಿಂಗಳಿಗೆ ಐದು ಬಾರಿ ಮಾತ್ರ ಉಚಿತ, ಬೆಂಗಳೂರಿನಂಥ ಮಹಾನಗರದಲ್ಲಾದರೆ ಮೂರೇ ಬಾರಿ. ಮುಂದಿನ ಪ್ರತಿ ಬಾರಿಗೂ ಅವರ ಬ್ಯಾಂಕು 23 ರೂಪಾಯಿವರೆಗೆ, ಅದರ ಮೇಲೆ ತೆರಿಗೆ ಸೇರಿಸಿ, ಹಿಡಿಯಬಹುದು. ಬ್ಯಾಲೆನ್ಸ್ ನೋಡಿದ್ದೂ ಆ ಐದರಲ್ಲಿ ಎಣಿಕೆಯಾಗುತ್ತದೆ. ಹೀಗೆ ಹೇಳುವುದರಿಂದ ನನ್ನ ಕಮಿಷನ್ ಕಡಿಮೆಯಾಗುತ್ತದೆ, ಆದರೂ ಹೇಳದೆ ಇರಲಾರೆ.

ಕಳೆದ ವರ್ಷ ನಡೆದದ್ದು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕೈಯಲ್ಲಿ ಫೋನು ಹಿಡಿದುಕೊಂಡು ಅಂಗಡಿಯ ಮೆಟ್ಟಿಲು ಹತ್ತಿ, "ಮಿಷನ್ನು ಗರಗರ ಅಂತು ಕಣಪ್ಪಾ, ದುಡ್ಡು ಬರ್ಲಿಲ್ಲ, ಫೋನಿಗೆ ಮಾತ್ರ ಮೆಸೇಜು ಬಂದೈತೆ" ಎಂದರು. ಎರಡು ಸಾವಿರ ಕಡಿತವಾಗಿತ್ತು. ಸಂಜೆ ಯಂತ್ರ ತೆರೆದು ನೋಡಿದರೆ ತಿರಸ್ಕೃತ ನೋಟುಗಳ ಪೆಟ್ಟಿಗೆಯಲ್ಲಿ ಐನೂರರ ನಾಲ್ಕು ನೋಟುಗಳು ಒಂದರ ಮೇಲೊಂದು ಸುಕ್ಕಾಗಿ ಬಿದ್ದಿದ್ದವು, ಲೆಕ್ಕದಲ್ಲೂ ಸರಿಯಾಗಿ ಎರಡು ಸಾವಿರ ಹೆಚ್ಚಿತ್ತು. ಹಾಗೆಂದು ಅದನ್ನು ಅಜ್ಜಿಯ ಕೈಗೆ ಕೊಡುವ ಅಧಿಕಾರ ನನಗಿಲ್ಲ. ಕೊಟ್ಟರೆ ಆಮೇಲೆ ಖಾತೆಗೂ ಬಂದು ಲೆಕ್ಕ ಕೆಡುತ್ತದೆ. ಯಾರ ಯಂತ್ರದಲ್ಲಿ ಹೀಗಾದರೂ ದೂರು ಕೊಡಬೇಕಾದದ್ದು ಕಾರ್ಡ್ ಕೊಟ್ಟ ಬ್ಯಾಂಕಿಗೆ. ವ್ಯವಹಾರದ ದಿನದ ನಂತರ ಐದು ದಿನದೊಳಗೆ ಹಣ ತಾನಾಗಿ ಮರಳಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬುದು 2019ರಿಂದ ಇರುವ ನಿಯಮ. ನಾನು ಹೆಚ್ಚುವರಿಯ ವರದಿಯನ್ನು ಅಂದೇ ಕಳುಹಿಸಿದೆ, ಐದನೇ ದಿನ ಅಜ್ಜಿಯ ಖಾತೆಗೆ ಹಣ ಬಂತು. ಆ ಐದು ದಿನವೂ ಬೆಳಿಗ್ಗೆ ಅವರು ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಮಾತ್ರೆಗೆಂದು ಇಟ್ಟುಕೊಂಡಿದ್ದ ಹಣವಾಗಿತ್ತು ಅದು.

ಇಂಥ ತಕರಾರುಗಳಲ್ಲಿ ಕಂಪನಿ ಫ್ರಾಂಚೈಸಿಯನ್ನು ನಡೆಸಿಕೊಳ್ಳುವ ರೀತಿ ಸುಧಾರಿಸಬೇಕು. ಬೇರೊಂದು ಪ್ರಕರಣದಲ್ಲಿ ಗ್ರಾಹಕರೊಬ್ಬರು 4,500 ರೂಪಾಯಿ ಬರಲಿಲ್ಲ ಎಂದು ದೂರು ಕೊಟ್ಟಾಗ, ಯಂತ್ರದ ದಾಖಲೆಯನ್ನು ನನಗೆ ತೋರಿಸದೆಯೇ ನನ್ನ ಖಾತೆಗೆ ಬರಬೇಕಾದ ಹಣದಿಂದ ಅಷ್ಟನ್ನೂ ಮುರಿದುಕೊಂಡರು. ಅಂದು ಸಂಜೆಯ ಲೆಕ್ಕದಲ್ಲಿ ಒಂದು ನೋಟೂ ಹೆಚ್ಚಿರಲಿಲ್ಲ. ಸಿಸಿಟಿವಿ ದೃಶ್ಯದಲ್ಲಿ ಆ ಗ್ರಾಹಕರು ನೋಟು ಎಣಿಸಿ ಜೇಬಿಗೆ ಹಾಕಿಕೊಳ್ಳುವುದು ಸ್ಪಷ್ಟವಾಗಿತ್ತು. ಅದನ್ನು ಕಳುಹಿಸಿ, ಹನ್ನೊಂದು ಬಾರಿ ಫೋನ್ ಮಾಡಿ, ಹಣ ಮರಳಿ ಪಡೆಯಲು ಏಳು ವಾರ ಹಿಡಿಯಿತು. ಸಹಾಯವಾಣಿಯಲ್ಲಿ ಕನ್ನಡ ಮಾತನಾಡುವವರು ಸಿಕ್ಕಿದ್ದು ಎರಡು ಬಾರಿ ಮಾತ್ರ. ಹಣ ಖಾಲಿಯಾಗಿ ತಿಂಗಳಲ್ಲಿ ಒಟ್ಟು ಹತ್ತು ಗಂಟೆಗಿಂತ ಹೆಚ್ಚು ಯಂತ್ರ ನಿಂತರೆ 10,000 ರೂಪಾಯಿ ದಂಡ ಎಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಇದೆ, ಅದರ ಭಾರವನ್ನು ಕರಾರಿನಲ್ಲಿ ನನ್ನ ಮೇಲೆ ದಾಟಿಸಿದ್ದಾರೆ. ನಾನು ಹಣ ತುಂಬದೆ ನಿಂತರೆ ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಎಂಜಿನಿಯರ್ ಬರುವುದು ತಡವಾಗಿ ನಾಲ್ಕು ದಿನ ಯಂತ್ರ ನಿಂತಾಗ ನನಗಾದ ಕಮಿಷನ್ ನಷ್ಟಕ್ಕೆ ಕಂಪನಿ ಏನನ್ನೂ ಕೊಡುವುದಿಲ್ಲ.

ಒಳ್ಳೆಯದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಈ ಅವಧಿಯಲ್ಲಿ ಹಣ ಖಾತೆಗೆ ಬರುವುದು ತಡವಾದದ್ದು ಮೂರೇ ಬಾರಿ. ಛಾವಣಿಯ ಮೇಲಿನ ಡಿಶ್ ಜೋರು ಮಳೆಗೆ ಸಂಪರ್ಕ ಕಳೆದುಕೊಳ್ಳುತ್ತದೆ ಎಂದು ಫೋಟೊ ಸಮೇತ ಬರೆದಾಗ, ಎರಡು ಸಿಮ್‌ಗಳ 4ಜಿ ರೂಟರ್ ಕೊಟ್ಟು ಸರಿಪಡಿಸಿದರು. ಅಂದಿನಿಂದ ಆ ತೊಂದರೆ ಇಲ್ಲ. ನೂರು ಅಥವಾ ಇನ್ನೂರರ ನೋಟು ಸಿಗುವಂತೆ ಮಾಡಬೇಕೆಂದು 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿದ ಮೇಲೆ ಎರಡನೇ ಕ್ಯಾಸೆಟ್ಟನ್ನು ಇನ್ನೂರಕ್ಕೆ ಹೊಂದಿಸಿಕೊಟ್ಟರು. ಸಂತೆಗೆ ಬರುವವರಿಗೆ ಇದರಿಂದ ಚಿಲ್ಲರೆಯ ಪರದಾಟ ತಪ್ಪಿದೆ, ನನಗೂ ಸಣ್ಣ ಮೊತ್ತ ತೆಗೆಯುವವರ ಸಂಖ್ಯೆ ಹೆಚ್ಚಿದೆ. ಇನ್ನೂರರ ಕಂತೆಯನ್ನು ಬ್ಯಾಂಕಿನಿಂದ ಗಿಟ್ಟಿಸುವುದೇ ಈಗ ಕಷ್ಟದ ಕೆಲಸ.

ಯುಪಿಐ ಬಂದ ಮೇಲೆ ಎಟಿಎಂಗೆ ಯಾರು ಬರುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನನ್ನ ಅಂಗಡಿಯಲ್ಲೇ ಅರ್ಧದಷ್ಟು ವ್ಯಾಪಾರ ಫೋನಿನಲ್ಲಿ ನಡೆಯುತ್ತದೆ. ಆದರೆ ತೆಂಗಿನಕಾಯಿ ಕೀಳುವವರಿಗೆ, ಕೊಬ್ಬರಿ ಸುಲಿಯುವ ಆಳುಗಳಿಗೆ ಸಂಜೆಯ ಕೂಲಿ ಇಂದಿಗೂ ನಗದಾಗಿಯೇ ಹೋಗುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳುಹಿಸಿದಾಗ ಬೆಂಗಳೂರಿನ ಅನೇಕ ಅಂಗಡಿಗಳು ಕ್ಯೂಆರ್ ಕೋಡ್ ತೆಗೆದು ನಗದು ಮಾತ್ರ ಎಂದು ಬರೆದು ಹಾಕಿದ್ದವು; ಆ ಗಾಳಿ ನಮ್ಮಲ್ಲಿಗೂ ಬೀಸಿ ಕೆಲವು ವಾರ ದಿನಕ್ಕೆ 140 ಜನ ದಾಟಿದ್ದರು. ಅದು ಹಾಗೆಯೇ ಉಳಿಯಲಿಲ್ಲ. ದಿನಕ್ಕೆ 80ಕ್ಕಿಂತ ಕಡಿಮೆ ಜನ ಬರುವ ಜಾಗದಲ್ಲಿ ಸಾಲ ಮಾಡಿ ಈ ಕೆಲಸಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲೇ ನಡೆಯುತ್ತಿರುವ ಅಂಗಡಿ, ಸ್ವಂತ ಕೋಣೆ, ನಂಬಿಕೆಯ ಒಬ್ಬ ಕೈಯಾಳು, ನಡೆದು ಹೋಗುವಷ್ಟು ಹತ್ತಿರದಲ್ಲಿ ಬ್ಯಾಂಕ್ ಶಾಖೆ ಇರುವವರಿಗೆ ಇದು ಹೊಂದುತ್ತದೆ. ಐದರಲ್ಲಿ ಅಂಕ ಕೊಡುವುದಾದರೆ ಯಂತ್ರಕ್ಕೆ ಮತ್ತು ಹಣ ಸಂದಾಯಕ್ಕೆ ನಾಲ್ಕು, ಕರಾರಿಗೂ ಸಹಾಯವಾಣಿಗೂ ಎರಡು.

ನನ್ನ ಒಪ್ಪಂದ ಮೂರು ವರ್ಷದ್ದು, ಬರುವ ನವೆಂಬರ್‌ಗೆ ಮುಗಿಯುತ್ತದೆ. ನವೀಕರಣಕ್ಕೆ ಕಂಪನಿಯಿಂದ ಪತ್ರ ಬಂದಿದೆ. ಇಂಟರ್‌ಚೇಂಜ್ ಜೊತೆಗೆ ಏರುವ ಕಮಿಷನ್, ದಾಖಲೆ ತೋರಿಸದೆ ಹಣ ಮುರಿದುಕೊಳ್ಳದಿರುವುದು, ಕನ್ನಡದಲ್ಲಿ ಚೀಟಿ ಮತ್ತು ಸಹಾಯವಾಣಿ ಎಂಬ ಮೂರು ಬೇಡಿಕೆಗಳನ್ನು ಬರೆದು ಕಳುಹಿಸಿದ್ದೇನೆ. ಮೊದಲ ಎರಡಕ್ಕೆ ಲಿಖಿತ ಒಪ್ಪಿಗೆ ಸಿಕ್ಕರೆ ಸಹಿ ಹಾಕುತ್ತೇನೆ, ಸಿಗದಿದ್ದರೆ ಅದೇ ಕೋಣೆಗೆ ಬೇರೆ ಕಂಪನಿಯ ಯಂತ್ರ ತರಲು ಮಾತುಕತೆ ಶುರುಮಾಡಿದ್ದೇನೆ. ಯಾವುದೇ ಆದರೂ ನಡುವೆ ಒಂದು ವಾರಕ್ಕಿಂತ ಹೆಚ್ಚು ಶಟರ್ ಇಳಿದಿರಬಾರದು ಎಂದು ಎರಡೂ ಕಡೆಯವರಿಗೆ ಹೇಳಿದ್ದೇನೆ.